ಎರಡನೆಯ ಹಳಿ

ಅರಸೀಕೆರೆಯಿಂದ ನಮ್ಮ ತೆಂಗಿನ ತೋಟಕ್ಕೆ ಹೋಗುವಾಗ ಗೇಟಿಲ್ಲದ ಕಡೆ ರೈಲು ಹಳಿ ದಾಟಬೇಕಿತ್ತು. ಕಾರಿನಲ್ಲಿ ಪಕ್ಕ ಕೂತವರು ಇಳಿದು, ಎರಡೂ ಕಡೆ ನೋಡಿ, ಬನ್ನಿ ಎಂದು ಕೈ ಬೀಸುವುದು ನಮ್ಮ ಮನೆಯ ರೂಢಿ. ಆಗ ಇದ್ದದ್ದು ಒಂದೇ ಹಳಿ. ಒಂದು ರೈಲು ಹೋಯಿತೆಂದರೆ ಸದ್ಯಕ್ಕೆ ಇನ್ನೊಂದು ಬರುತ್ತಿರಲಿಲ್ಲ.

ಎರಡನೆಯ ಹಳಿ ಹಾಕಿದ ಹೊಸತರಲ್ಲಿ ಒಂದು ಬೆಳಿಗ್ಗೆ ನನ್ನ ಗಂಡನ ತಮ್ಮ ಇಳಿದು ನಿಂತಿದ್ದ. ಗೂಡ್ಸ್ ರೈಲಿನ ಕೊನೆಯ ಡಬ್ಬಿ ದಾಟಿದ ಕೂಡಲೇ, ಯಾವಾಗಲೂ ಮಾಡುವಂತೆ ಕೈ ಬೀಸಿದ. ನನ್ನ ಗಂಡ ಕಾರು ಮುಂದೆ ತಂದರು. ಗೂಡ್ಸ್ ಹೋದ ದಿಕ್ಕಿನಿಂದಲೇ, ಅದರ ಮರೆಯಲ್ಲಿ, ಹೊಸ ಹಳಿಯ ಮೇಲೆ ಇನ್ನೊಂದು ರೈಲು ಬರುತ್ತಿದ್ದದ್ದು ಇಬ್ಬರಿಗೂ ಕಾಣಲಿಲ್ಲ. ಕಾರಿನಲ್ಲಿದ್ದ ನನ್ನ ಗಂಡ ಅಲ್ಲೇ ತೀರಿಕೊಂಡರು.

ಆಮೇಲೆ ಮೈದುನ ನಮ್ಮ ಮನೆಯಲ್ಲಿ ನೀರನ್ನೂ ಮುಟ್ಟಲಿಲ್ಲ. ತೋಟದ ಕೆಲಸವೆಲ್ಲ ಮಾಡಿಸಿ, ಬಾಗಿಲಲ್ಲೇ ಮಾತಾಡಿ ಹೋಗುತ್ತಿದ್ದ. ಒಳಗೆ ಕರೆಯುವಷ್ಟು ಶಕ್ತಿ ನನ್ನಲ್ಲೂ ಇರಲಿಲ್ಲ.

ಅವರು ತೀರಿಕೊಂಡ ವರ್ಷದ ಪೂಜೆಯ ದಿನ ಎಲ್ಲರ ಊಟವಾದರೂ ಅವನು ಜಗಲಿಯಲ್ಲೇ ಕೂತಿದ್ದ. ಅತ್ತೆ ಹೊರಗೆ ಬಂದರು.

"ಏನ್ಲಾ, ನೆಂಟನಂಗೆ ಕುಂತಿದ್ದೀಯ? ಎಲೆ ಒಣಗ್ತಾ ಐತೆ, ಏಳು."

"ನಾನೇ ಬಾ ಅಂತ ಕೈ ಬೀಸ್ದೆ ಕಣವ್ವ."

ಅತ್ತೆ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದರು.

"ನಾನು ಇಳಿದಿದ್ರೂ ಹಂಗೇ ಬೀಸ್ತಿದ್ದೆ ಕಣಪ್ಪ. ಒಳಗೆ ಬಾ," ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ಅದು ನಿಜವೇ ಆಗಿತ್ತು.

ಬಂದು ಕೂತ. ಎರಡು ತುತ್ತು ತಿಂದು, ತಲೆ ತಗ್ಗಿಸಿ ಅತ್ತ. ನಾನು ಇನ್ನೊಂದು ಸೌಟು ಸಾರು ಹಾಕಿದೆ. ಬೇಡ ಎನ್ನಲಿಲ್ಲ.