ಡಾಕ್ಟರಮ್ಮನ ಬಾಯಿಗೆ ಚಾಕೊಲೇಟು

ಊರಿನ ಮಕ್ಕಳಿಗೆಲ್ಲ ಚಾಕೊಲೇಟು ತಿನ್ನುವ ಚಟ ಬಿಡಿಸಿದ ನಮ್ಮ ಚಿಕ್ಕಮ್ಮ ಹಲ್ಲಿನ ಡಾಕ್ಟರು. ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಒಬ್ಬರ ದವಡೆ ಹಲ್ಲಿಗೆ ಇಕ್ಕಳ ಹಾಕುವಷ್ಟರಲ್ಲಿ ಅವಳ ಕೈ ನಡುಗಿ, ಮೈ ಬೆವರಿ, ಅವರ ತೊಡೆಯ ಮೇಲೇ ಕುಸಿದಳು. ಬಾಯಿತುಂಬ ಹತ್ತಿ ತುರುಕಿಸಿಕೊಂಡಿದ್ದ ಆ ಪುಣ್ಯಾತ್ಮರು ಜೇಬಿನಿಂದ ಚಾಕೊಲೇಟು ತೆಗೆದು ಅವಳ ಬಾಯಿಗಿಟ್ಟರು. ಹೊರಗೆ ಕಾಯುತ್ತಿದ್ದ ಮಕ್ಕಳೆಲ್ಲ ಬಾಗಿಲಿಗೆ ಬಂದು ನೋಡಿದರು.

ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಬೆಳಗ್ಗೆ ಬರೀ ಸಿಹಿ ಕಾಫಿ, ಬಿಸ್ಕತ್ತು. ಆಮೇಲೆ ಮಧ್ಯಾಹ್ನ ಕಳೆಯುವವರೆಗೂ ಬೇರೆಯವರ ಬಾಯಿ ನೋಡಿದ್ದೇ ಊಟ.

"ಕ್ಲಿನಿಕ್ಕಿಗೆ ಬೀಗ ಹಾಕು, ಸಾಕು," ಅಂದರು ಚಿಕ್ಕಪ್ಪ.

"ಬೀಗ ಯಾಕ್ರೀ? ನನ್ನ ಬಾಯಿಗೂ ಸ್ವಲ್ಪ ಕೆಲಸ ಕೊಟ್ರೆ ಆಯ್ತು."

ಅಂದಿನಿಂದ ಬೆಳಗ್ಗೆ ಮೊಟ್ಟೆ, ಬೇಯಿಸಿದ ಕಾಳು. ರೋಗಿಗಳ ನಡುನಡುವೆ ಒಂದು ಹಿಡಿ ಹುರಿದ ಕಡಲೆ. ಅವಳು ಸಿಹಿ ಕಾಫಿಯನ್ನು ಕೈಬಿಟ್ಟಳು, ನಡುಕ ಅವಳ ಕೈ ಬಿಟ್ಟಿತು.

ಕೆಲವು ತಿಂಗಳ ಮೇಲೆ ಅದೇ ಪೋಸ್ಟ್‌ಮ್ಯಾನ್ ಇನ್ನೊಂದು ಹಲ್ಲುನೋವು ಹೊತ್ತು ತಂದರು. ಕೈಯಲ್ಲಿ ಚಾಕೊಲೇಟು ಹಿಡಿದೇ ಕುರ್ಚಿ ಹತ್ತಿ ಕೇಳಿದರು: "ಡಾಕ್ಟರಮ್ಮ, ಈಗ ಏನೂ ತೊಂದ್ರೆ ಇಲ್ಲ ತಾನೆ?"

"ಕೈಗೇನೂ ಇಲ್ಲ," ಅಂದಳು ಚಿಕ್ಕಮ್ಮ ಕೆನ್ನೆ ಒತ್ತಿಕೊಂಡು. "ಆದ್ರೆ ಕಡಲೆ ಕಡಿದು ಹಲ್ಲು ಮುರಿದಿದೆ. ಯಾರಾದ್ರೂ ಒಳ್ಳೆ ಹಲ್ಲಿನ ಡಾಕ್ಟರು ಗೊತ್ತಾ ನಿಮಗೆ?"