ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ದಿನ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಸೂಟ್‌ಕೇಸ್ ರಿಪೇರಿ ಅಂಗಡಿಯಿದೆ. ಮುರಿದ ಗಾಲಿ, ಹಲ್ಲು ಕಚ್ಚದ ಜಿಪ್ಪು, ಕಿತ್ತುಬಂದ ಹಿಡಿ, ನಂಬರು ಮರೆತುಹೋದ ಬೀಗ, ಇಂಥವೆಲ್ಲ ಅಲ್ಲಿಗೆ ಬಂದು ಸರಿಯಾಗಿ ಹೋಗುತ್ತವೆ. ಅಂಗಡಿ ನಡೆಸುವಾಕೆಯನ್ನು ಎಲ್ಲರೂ ಕರೆಯುವುದು ಹಡಗಿನಕ್ಕ ಎಂದು. ವಯಸ್ಸಿನಲ್ಲಿದ್ದಾಗ ಆಕೆ ವಿಹಾರದ ಹಡಗುಗಳಲ್ಲಿ ಪ್ರಯಾಣಿಕರ ಕೋಣೆಗಳನ್ನು ಚೊಕ್ಕ ಮಾಡುವ ಕೆಲಸದಲ್ಲಿದ್ದಳು. ಬಗ್ಗಿ ಬಗ್ಗಿ ಮಂಡಿ ಕೈಕೊಟ್ಟ ಮೇಲೆ ನೆಲಕ್ಕಿಳಿದಳು. ಪ್ರಯಾಣಿಕರ ಹರಿದ ಬ್ಯಾಗುಗಳಿಗೆ ಹೊಲಿಗೆ ಹಾಕಿಕೊಟ್ಟು ರೂಢಿಯಿತ್ತಲ್ಲ, ಅದನ್ನೇ ಕಸುಬು ಮಾಡಿಕೊಂಡಳು.

ಆಕೆಯ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಸೂಟ್‌ಕೇಸನ್ನು ಮೇಜಿನ ಮೇಲೆ ಮಲಗಿಸುವಷ್ಟರಲ್ಲಿ ಪ್ರಶ್ನೆ ಶುರು. ಎಲ್ಲಿಗೆ? ಯಾರ ಜೊತೆ? ತುಂಬಿದವರು ಯಾರು, ಹೊರುವವರು ಯಾರು? ಅದು ಚಾಡಿ ಹೇಳುವವರ ಕುತೂಹಲವಲ್ಲ. ಕೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಿದ್ದನ್ನು ನಾನಂತೂ ನೋಡಿಲ್ಲ. ಗೊತ್ತಾಗಬೇಕು, ಅಷ್ಟೆ. ಗೊತ್ತಾಗದಿದ್ದರೆ ಆಕೆಗೆ ಊಟ ಇಳಿಯುವುದಿಲ್ಲ.

ಮೊದಲ ಸಲ ಕ್ರೂಸ್‌ಗೆ ಹೊರಟ ಹೊಸ ಜೋಡಿಗಳು ಬಂದರಂತೂ ಜಿಪ್ಪಿನ ಜೊತೆ ಬುದ್ಧಿವಾದ ಪುಕ್ಕಟೆ.

“ಅವನ ಬಟ್ಟೆ ಒಂದರಲ್ಲಿ, ನಿನ್ನ ಬಟ್ಟೆ ಒಂದರಲ್ಲಿ ತುಂಬಬೇಡಮ್ಮ. ಎರಡರಲ್ಲೂ ಇಬ್ಬರದೂ ಅರ್ಧರ್ಧ ಹಾಕು. ಒಂದು ಪೆಟ್ಟಿಗೆ ಕಳೆದುಹೋದ್ರೂ ಇಬ್ಬರ ಮಾನಾನೂ ಉಳಿಯುತ್ತೆ. ಹಡಗು ಹತ್ತಿದ ದಿನ ದೊಡ್ಡ ಸಾಮಾನು ಕೋಣೆಗೆ ಬರೋದು ಸಂಜೆ ಆಗುತ್ತೆ, ಈಜೋ ಬಟ್ಟೆ ಕೈಚೀಲದಲ್ಲೇ ಇರಲಿ. ಗೋಡೆ ಕಬ್ಬಿಣದ್ದು, ಆಯಸ್ಕಾಂತದ ಕೊಕ್ಕೆ ತಗೊಂಡು ಹೋಗಿ, ಟೋಪಿ ಟವಲ್ಲು ನೇತುಹಾಕಬಹುದು. ಊರು ನೋಡೋಕೆ ಇಳಿದ್ರೆ ಹೊತ್ತಿಗೆ ಸರಿಯಾಗಿ ವಾಪಸ್ ಬನ್ನಿ. ಹಡಗು ನಿಮ್ಮ ಮಾವನ ಮನೆ ಕಾರಲ್ಲ, ಕಾಯೋದಿಲ್ಲ.”

ಈ ಬುದ್ಧಿವಾದ ಕೇಳಿ ನಗುತ್ತಿದ್ದವಳು ಆಕೆಯ ಸ್ವಂತ ಅಕ್ಕ. ಯಾಕೆಂದರೆ ಹಡಗಿನಕ್ಕ ಮದುವೆಯಾದವಳಲ್ಲ.

“ಗಂಡ ಅಂದ್ರೆ ಯಾವ ಬಣ್ಣ ಅಂತ ಗೊತ್ತಿಲ್ಲ, ಗಂಡ ಹೆಂಡತಿಗೆ ಪಾಠ ಹೇಳ್ತಾಳೆ ನೋಡು!”

“ನೀನು ನೋಡಿರೋದು ಒಂದೇ ಮದುವೆ ಕಣೇ. ನಾನು ಊರೂರಿನ ಮದುವೆಗಳ ಹಾಸಿಗೆ ಸರಿ ಮಾಡಿದೀನಿ,” ಎಂದು ಇವಳ ಉತ್ತರ.

ಅದು ಬರೀ ಜಂಬದ ಮಾತಾಗಿರಲಿಲ್ಲ. ಕೋಣೆ ಗುಡಿಸುವವರಿಗೆ ಮನುಷ್ಯರು ಕಾಣುವುದಿಲ್ಲ, ಅವರು ಬಿಟ್ಟುಹೋದದ್ದು ಕಾಣುತ್ತದೆ. ಮೊದಲ ದಿನ ಎರಡು ದಿಂಬು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನದ ಹೊತ್ತಿಗೆ ಒಂದು ದಿಂಬು ಸೋಫಾದ ಮೇಲೆ, ಅವನ ಚಪ್ಪಲಿ ಬಾಗಿಲ ಬಳಿ, ಅವಳ ಪುಸ್ತಕ ಸ್ನಾನದ ಕೋಣೆಯಲ್ಲಿ. ಕೈ ಕೈ ಹಿಡಿದು ಹತ್ತಿದವರು ಹಡಗಿನ ಕಾರಿಡಾರಿನಲ್ಲಿ ಒಬ್ಬರ ಹಿಂದೊಬ್ಬರು ದೂರದೂರ ನಡೆಯುತ್ತಿದ್ದರು. ಏನಾಗಿರಬಹುದು? ಬಾಗಿಲು ಮುಚ್ಚಿಕೊಂಡ ಮೇಲೆ ಒಳಗೆ ಏನು ನಡೆಯುತ್ತದೆ? ವರ್ಷಾನುಗಟ್ಟಲೆ ಯೋಚಿಸಿ ಆಕೆ ಒಂದು ತೀರ್ಮಾನಕ್ಕೆ ಬಂದಿದ್ದಳು: ಜಾಗ ಸಾಲುವುದಿಲ್ಲ, ಜಗಳವಾಗುತ್ತದೆ. ಕೋಣೆ ಅಷ್ಟು ಚಿಕ್ಕದು.

ಆ ತೀರ್ಮಾನವನ್ನು ಪರೀಕ್ಷೆಗೆ ಹಚ್ಚುವ ಅವಕಾಶ ಅಕ್ಕನ ಮಗಳಿಂದಲೇ ಬಂತು. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಜೊತೆ ಮಾತೇ ಮಾತು. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಮದುವೆಯಾಗಿ ಕೆಲವೇ ತಿಂಗಳಾಗಿತ್ತು. ಎರಡೂ ಮನೆಯವರು ಸೇರಿ ಇವರಿಗೆ ಕ್ರೂಸ್ ಟಿಕೆಟ್ಟನ್ನು ಉಡುಗೊರೆ ಕೊಟ್ಟಿದ್ದರು. ಹಡಗಿನ ನಡುಭಾಗದಲ್ಲಿ, ಕಿಟಕಿಯೇ ಇಲ್ಲದ ಕೋಣೆ. ಹಳೆಯ ಸೂಟ್‌ಕೇಸಿಗೆ ಗಾಲಿ ಹಾಕಿಸಲು ಇಬ್ಬರೂ ಅಂಗಡಿಗೆ ಬಂದರು.

“ಕಿಟಕಿ ಇಲ್ವಾ? ಹಾಗಾದ್ರೆ ಮೊದಲೇ ಅಭ್ಯಾಸ ಮಾಡ್ಕೊಂಡು ಹೋಗಿ,” ಎಂದಳು ಹಡಗಿನಕ್ಕ.

ಅಳಿಯ ನಕ್ಕ. “ಚಿಕ್ಕಮ್ಮ, ನಾನು ದಿನಾ ಲಿಫ್ಟಿನ ಗುಂಡಿ ಒಳಗೆ ಕೂತು ಕೆಲಸ ಮಾಡೋನು. ನನಗೆ ಅದು ಅರಮನೆ.”

“ಗುಂಡಿ ಒಳಗೆ ಹೆಂಡತಿ ಇರ್ತಾಳಾ ಅಳಿಯಂದ್ರೇ?”

ಹುಡುಗಿಗೆ ಖುಷಿಯೋ ಖುಷಿ. “ಮಾಡೋಣ ಚಿಕ್ಕಮ್ಮ! ಏನು ಮಾಡ್ಬೇಕು ಹೇಳಿ.”

ಅಂಗಡಿಯ ಹಿಂದೆ ಒಂದು ಉಗ್ರಾಣದ ಕೋಣೆಯಿತ್ತು. ಯಾರೂ ಬಂದು ಕೇಳದ ಪೆಟ್ಟಿಗೆಗಳನ್ನು ಹಡಗಿನಕ್ಕ ಹೊರಗೆ ಸಾಗಿಸಿದಳು. ತೋಳು ಚಾಚಿ ಗೋಡೆಯಿಂದ ಗೋಡೆಗೆ ಅಳೆದು, ಸ್ವಲ್ಪ ದೊಡ್ಡದಾಯಿತೆಂದು ಒಂದು ಬೀರುವನ್ನು ಅಡ್ಡ ನಿಲ್ಲಿಸಿ ಕೋಣೆಯನ್ನು ಕಿರಿದು ಮಾಡಿದಳು. ಇದ್ದೊಂದು ಕಿಟಕಿಗೆ ರಟ್ಟು ಬಡಿದಳು. ಮಂಚ ಹಾಕಿ, ಮೂಲೆ ಬಿಗಿದು ಹಾಸಿಗೆ ಮಾಡಿದಳು. ನಿಯಮ ಇಷ್ಟೆ: ಶನಿವಾರ ಬೆಳಗ್ಗೆಯಿಂದ ಭಾನುವಾರ ಸಂಜೆಯವರೆಗೆ ಇದೇ ಕೋಣೆ. ಬೇಕಾದರೆ ಬೀದಿಯಲ್ಲಿ ಅಡ್ಡಾಡಬಹುದು, ಅದು ಹಡಗಿನ ಮೇಲಿನ ಡೆಕ್ಕು ಎಂದುಕೊಳ್ಳಬೇಕು. ತಮ್ಮ ಮನೆಗೆ ಹೋಗಕೂಡದು, ಫೋನು ಚಿಕ್ಕಮ್ಮನ ಡ್ರಾಯರಿನಲ್ಲಿ.

ಶನಿವಾರ ಬಂತು. ಜೋಡಿ ಗಾಲಿ ಉರುಳಿಸುತ್ತ ಬಂದು, ಹಡಗು ಹತ್ತುವವರಂತೆ ಬೀದಿಯವರಿಗೆಲ್ಲ ಕೈಬೀಸಿ ಒಳಗೆ ಹೋಯಿತು. ಹಡಗಿನಕ್ಕ ಮುಂದಿನ ಅಂಗಡಿಯಲ್ಲಿ ಹೊಲಿಗೆಯಂತ್ರದ ಮುಂದೆ ಕೂತಳು. ಕೈ ಜಿಪ್ಪಿನ ಮೇಲೆ, ಕಿವಿ ಹಿಂದಿನ ಬಾಗಿಲ ಮೇಲೆ. ನಗು ಕೇಳಿಸಿತು. ಸೂಟ್‌ಕೇಸ್ ಎಲ್ಲಿಡುವುದು ಎಂಬ ಚರ್ಚೆ ನಡೆಯಿತು. ಮಂಚದ ಕೆಳಗೆ ತೂರಿಸಿದರು, ಏನೋ ಬೇಕೆಂದು ಎಳೆದರು, ಮತ್ತೆ ತೂರಿಸಿದರು. ಯಾರದೋ ಮೊಣಕೈ ಯಾರದೋ ಮೂಗಿಗೆ ತಗುಲಿತು. ಮತ್ತೆ ನಗು. ಈಗ ಶುರುವಾಗುತ್ತೆ ಎಂದು ಹಡಗಿನಕ್ಕ ಕಾದಳು.

ಜಗಳ ಮಾತ್ರ ಶುರುವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು, ಆಮೇಲೆ ಮಾತೂ ನಿಂತಿತು. ಯಂತ್ರ ನಿಲ್ಲಿಸಿ ಆಲಿಸಿದರೂ ಏನೂ ಇಲ್ಲ. ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಬಾಗಿಲು ಸರಿದು ಅಳಿಯ ಹೊರಬಂದ. ಬೆಂಚಿನ ಮೇಲೆ ಕೂತು, ಯಾರೂ ಹೇಳದೆಯೇ ಒಂದು ಸೂಟ್‌ಕೇಸನ್ನು ಕಾಲಮೇಲೆ ಎಳೆದುಕೊಂಡು ಅದರ ಗಾಲಿ ಬಿಚ್ಚತೊಡಗಿದ. ಮುಖ ಬಾಡಿತ್ತು.

ಹಡಗಿನಕ್ಕ ಎಷ್ಟು ಹೊತ್ತು ತಡೆದಾಳು! “ಜಗಳಾನಾ?”

“ಇಲ್ಲ ಚಿಕ್ಕಮ್ಮ.”

“ಜಾಗ ಸಾಲಲ್ವಾ?”

“ಜಾಗಕ್ಕೇನು, ಬೇಕಾದಷ್ಟಿದೆ.”

“ಮತ್ತೆ?”

ಅವನು ಗಾಲಿಯನ್ನು ತಿರುಗಿಸಿ ನೋಡಿದ. ತಿರುಗಿಸಿದ, ಮತ್ತೆ ತಿರುಗಿಸಿದ. “ಮಾತು ಮುಗೀತು,” ಎಂದ ಮೆಲ್ಲಗೆ. “ಅವಳಿಗೆ ಹೇಳೋದೆಲ್ಲ ಹೇಳಿ ಆಯ್ತು. ಅವಳೂ ಹೇಳಿದ್ಲು. ಇನ್ನೇನು ಅಂತ ಇಬ್ಬರೂ ಗೋಡೆ ನೋಡ್ತಾ ಕೂತ್ವಿ. ಮದುವೆಯಾಗಿ ಇನ್ನೂ ವರ್ಷ ಆಗಿಲ್ಲ. ಈಗಲೇ ಹೀಗಾದ್ರೆ ಮುಂದೆ ಹೇಗೆ?”

ಅಷ್ಟರಲ್ಲಿ ಹುಡುಗಿಯೂ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳ ಕಣ್ಣು ಕೆಂಪಾಗಿತ್ತು. “ಏನಂತೆ ಇವ್ನು? ನನ್ನ ಜೊತೆ ಬೇಜಾರಂತಾ?”

“ನಿನಗೆ ಬೇಜಾರಾಯ್ತೇನೋ ಅಂತ ನಾನೇ ಎದ್ದು ಬಂದೆ,” ಎಂದ ಅವನು.

ಹಡಗಿನಕ್ಕ ಇಬ್ಬರನ್ನೂ ಕೂರಿಸಿ ಟೀ ಮಾಡಿ ತಂದಳು. ತಂದವಳು ಪ್ರಶ್ನೆ ಬಿಡಲಿಲ್ಲ. ಮನೆಯಲ್ಲಿ ದಿನಾ ಏನು ಮಾತಾಡ್ತೀರಿ? ಎಲ್ಲಿ ಕೂತು? ಕೇಳುತ್ತ ಹೋದಂತೆ ವಿಷಯ ತಾನಾಗಿ ಹೊರಬಂತು. ಅವನ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಮಕ್ಕಳು. ಊಟಕ್ಕೆ ಕೂತರೆ ಒಂದು ಗುಂಪು, ಟಿವಿ ಮುಂದೆ ಇನ್ನೊಂದು. ಇವರಿಬ್ಬರ ಕೋಣೆಯ ಬಾಗಿಲನ್ನು ಮಕ್ಕಳು ತಟ್ಟದ ಭಾನುವಾರವಿಲ್ಲ. ಮದುವೆಯಾದಾಗಿನಿಂದ ಒಂದು ಇಡೀ ಹಗಲು ಇವರಿಬ್ಬರೇ ಕಳೆದದ್ದೇ ಇರಲಿಲ್ಲ. ಅದು ಅವರಿಗೂ ಈ ಹೊತ್ತಿನವರೆಗೆ ಹೊಳೆದಿರಲಿಲ್ಲ.

“ಅಯ್ಯೋ ಶಿವನೇ,” ಎಂದು ಹಡಗಿನಕ್ಕ ಲೋಟ ಕೆಳಗಿಟ್ಟಳು. ಅವಳಿಗೆ ಹೊಳೆದದ್ದು ಬೇರೆಯೇ. ಆ ಮೂರನೆಯ ದಿನದ ಕೋಣೆಗಳು! ಸೋಫಾದ ಮೇಲಿನ ದಿಂಬು! ಅಲ್ಲೂ ಜಗಳ ನಡೆದೇ ಇರಲಿಲ್ಲವೇನೋ, ಮಾತು ಮುಗಿದಿತ್ತೇನೋ.

ಆಗ ಆಕೆ ಅವರಿಗೆ ಹಡಗಿನಲ್ಲಿ ಕಂಡ ಒಂದು ವಯಸ್ಸಾದ ದಂಪತಿಯ ಕಥೆ ಹೇಳಿದಳು. ಅವರದು ಸಮುದ್ರ ಕಾಣುವ ಬಾಲ್ಕನಿಯಿದ್ದ ದೊಡ್ಡ ಕೋಣೆ. ಹೊರಗಿನ ಎರಡು ಕುರ್ಚಿಗಳು ದಿನಾ ಬೆನ್ನಿಗೆ ಬೆನ್ನು ಹಾಕಿರುತ್ತಿದ್ದವು. ಪಾಪ, ಮುಖ ನೋಡದಷ್ಟು ಕೋಪವೇ ಎಂದು ಮರುಗಿ ಹಡಗಿನಕ್ಕ ದಿನಾ ಬೆಳಗ್ಗೆ ಅವನ್ನು ಎದುರುಬದುರು ತಿರುಗಿಸಿಟ್ಟು ಬರುತ್ತಿದ್ದಳು. ಒಂದು ದಿನ ಆ ಮುದುಕಿ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. “ಮಗಳೇ, ಕುರ್ಚಿ ಹಾಗೇ ಇರಲಿ. ಅವರಿಗೆ ಹಡಗು ಹೋಗೋ ದಿಕ್ಕು ನೋಡಬೇಕು, ನನಗೆ ಬಿಟ್ಟು ಬಂದ ದಿಕ್ಕು ನೋಡಬೇಕು. ಊಟದ ಹೊತ್ತಿಗೆ ಯಾರು ಏನು ನೋಡಿದ್ವಿ ಅಂತ ಹೇಳ್ಕೊಳ್ತೀವಿ.”

“ನಾನು ಆಗ ತಲೆ ಆಡಿಸಿ ಬಂದುಬಿಟ್ಟೆ. ಅಯ್ಯೋ ಮುದುಕರ ಹುಚ್ಚು ಅಂದ್ಕೊಂಡೆ,” ಎಂದಳು ಹಡಗಿನಕ್ಕ. “ಇವತ್ತು ಅರ್ಥ ಆಗ್ತಿದೆ ನೋಡು.”

ಭಾನುವಾರ ಬೆಳಗ್ಗೆ ಕಥೆ ಬೇರೆಯಾಗಿತ್ತು. ಅಳಿಯ ಬೆಂಚಿನ ಮೇಲೆ ಕೂತು ಗಾಲಿಗಳಿಗೆ ಎಣ್ಣೆ ಬಿಟ್ಟ. ಹುಡುಗಿ ಬೀದಿಯ ಕೊನೆಯವರೆಗೆ ಒಬ್ಬಳೇ ನಡೆದುಬಂದಳು, ಅಪರಿಚಿತರ ಮನೆಗಳ ಬಾಗಿಲ ಬಣ್ಣ ನೋಡಿದಳು, ಒಬ್ಬ ಅಜ್ಜಿಯ ಕನ್ನಡಕದ ಸಡಿಲವಾದ ಕಡ್ಡಿಯನ್ನು ಅಲ್ಲೇ ಸರಿಮಾಡಿಕೊಟ್ಟಳು. ಮಧ್ಯಾಹ್ನ ಕೋಣೆಯ ಬಾಗಿಲು ಮುಚ್ಚಿದ್ದೇ ಮಾತು ಹರಿಯತೊಡಗಿತು. ಸಂಜೆ ಹೊರಟಾಗ ಹುಡುಗಿ ಚಿಕ್ಕಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು:

“ಒಂದು ಗಾಲಿ ಬಗ್ಗೆ ಇವ್ನು ಎಷ್ಟು ಹೊತ್ತು ಮಾತಾಡಿದ ಗೊತ್ತಾ! ಅದರೊಳಗೆ ಯಾವುದೋ ಮಗುವಿನ ತಲೆಕೂದಲು ಸುತ್ತಿಕೊಂಡಿತ್ತಂತೆ. ಆ ಮಗು ಎಲ್ಲೆಲ್ಲಿ ಸುತ್ತಿರಬಹುದು ಅಂತ ಊಹೆ ಮಾಡ್ತಾ ಕೂತಿದ್ವಿ.”

ರಜೆ ಮಂಜೂರಾಗಿ ಅವರು ಹಡಗು ಹತ್ತಿದರು. ಬಂದರಿನವರೆಗೆ ಹೋಗಿ ಬೀಳ್ಕೊಟ್ಟ ಹಡಗಿನಕ್ಕನಿಗೆ ಅಲ್ಲಿಂದ ಮುಂದೆ ದಿನಾ ಲೆಕ್ಕಾಚಾರ: ಈಗ ಏನು ಮಾಡ್ತಿರಬಹುದು? ಕುರ್ಚಿ ಎಲ್ಲಿ ಹಾಕಿಕೊಂಡಿರಬಹುದು? ಅವರು ವಾಪಸ್ ಬಂದ ದಿನ ಅಂಗಡಿಗೆ ಅರ್ಧ ಬಾಗಿಲು ಹಾಕಿ, ಅವರು ಬಂದಿಳಿದಿದ್ದ ಅಕ್ಕನ ಮನೆಗೆ ಓಡಿದಳು.

ಅಳಿಯ ಬಡವಾಗಿದ್ದ. ಕೆನ್ನೆ ಒಳಗೆ ಹೋಗಿತ್ತು.

“ಇದೇನು ಅಳಿಯಂದ್ರೇ, ಹಡಗಿನಲ್ಲಿ ಊಟ ಹಾಕಲಿಲ್ವಾ?”

“ಹಾಕಿದ್ರು ಚಿಕ್ಕಮ್ಮ. ನಿಲ್ಲಲಿಲ್ಲ.”

ಎರಡನೆಯ ದಿನವೇ ಸಮುದ್ರ ಉಕ್ಕೇರಿ ಹಡಗು ಹೊಯ್ದಾಡಿತ್ತು. ಅಳಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿಬಿಟ್ಟ, ಎದ್ದರೆ ತಲೆ ಸುತ್ತು, ಕೂತರೆ ವಾಂತಿ. ಹುಡುಗಿ ಬಕೆಟ್ ಹಿಡಿದು ಪಕ್ಕದಲ್ಲಿ ಕೂತಳು. ಕೋಣೆ ಚೊಕ್ಕ ಮಾಡುವ ಹೆಂಗಸು ಬಂದು ನೋಡಿ, ಮಾತ್ರೆ ತರಿಸಿಕೊಟ್ಟು, ಬ್ರೆಡ್ಡು ಕೊಟ್ಟು, ಹೊರಡುವ ಮೊದಲೇ ನುಂಗಬೇಕಿತ್ತು, ಇದನ್ನು ಯಾರೂ ಹೇಳಲಿಲ್ಲವಾ ಎಂದು ಕೇಳಿದಳಂತೆ.

ಹಡಗಿನಕ್ಕ ಹಣೆ ಹಣೆ ಚಚ್ಚಿಕೊಂಡಳು. ಆಯಸ್ಕಾಂತದ ಕೊಕ್ಕೆ ಹೇಳಿದ್ದಳು, ಈಜುವ ಬಟ್ಟೆ ಹೇಳಿದ್ದಳು, ಮಾತು ಮುಗಿದರೆ ಏನು ಮಾಡಬೇಕೆಂದೂ ಹೇಳಿದ್ದಳು. ತನಗೆ ಒಂದು ದಿನವೂ ಹಡಗಿನ ತಲೆಸುತ್ತು ಬಂದಿರಲಿಲ್ಲವಾದ್ದರಿಂದ ಅದೊಂದು ನೆನಪಿಗೇ ಬಂದಿರಲಿಲ್ಲ. ಅಕ್ಕ ಅಡುಗೆಮನೆಯಿಂದಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮಾತೆತ್ತಿ ತಂಗಿಯನ್ನು ಕಾಡಿಸುವುದನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

“ಹಾಗಾದ್ರೆ ಪ್ರವಾಸ ಪೂರ್ತಿ ಹಾಳಾಯ್ತಲ್ಲೇ,” ಎಂದಳು ಹಡಗಿನಕ್ಕ ಹುಡುಗಿಯ ಕೈಹಿಡಿದು.

“ಇಲ್ಲ ಚಿಕ್ಕಮ್ಮ. ಆಮೇಲೆ ಸಮುದ್ರ ಸುಮ್ಮನಾಯ್ತು, ಮೇಲೆ ಹೋದ್ವಿ, ಎಲ್ಲ ನೋಡಿದ್ವಿ. ಆದ್ರೆ ನನಗೆ ಚೆನ್ನಾಗಿದ್ದದ್ದು ಆ ದಿನವೇ. ದೀಪ ಆರಿಸಿದ್ವಿ, ಕಣ್ಣಿಗೆ ಏನೂ ಕಾಣ್ತಿರಲಿಲ್ಲ. ಇವ್ನು ಮಲಗಿದಲ್ಲೇ ಏನೇನೋ ಹೇಳ್ತಾ ಹೋದ. ಚಿಕ್ಕವನಿದ್ದಾಗಿನದು. ಮನೆಯಲ್ಲಿ ಯಾರಿಗೂ ಹೇಳಿಲ್ವಂತೆ.”

ಹಡಗಿನಕ್ಕ ಕುರ್ಚಿಯ ತುದಿಗೆ ಬಂದಳು. “ಏನು ಹೇಳಿದ?”

ಹುಡುಗಿ ಗಂಡನ ಕಡೆ ನೋಡಿದಳು, ಆಮೇಲೆ ಚಿಕ್ಕಮ್ಮನ ಕಡೆ. “ಅದನ್ನ ಹೇಳಲ್ಲ ಚಿಕ್ಕಮ್ಮ.”

ಕೋಣೆಯಲ್ಲಿದ್ದವರೆಲ್ಲ ಮುಂದಿನ ಪ್ರಶ್ನೆಗೆ ಕಾದರು. ಹಡಗಿನಕ್ಕ ಹುಡುಗಿಯ ಕೆನ್ನೆ ಸವರಿ, “ಹೇಳಬೇಡ ಬಿಡು,” ಎಂದಳು.