ಗಿರಿಜಕ್ಕನ ಹಾರವಿಲ್ಲದ ಫೋಟೋ

ನಿನ್ನೆ ಮಣಿಪಾಲದ ಆಫೀಸಿನಲ್ಲಿ ಯಾವುದೋ ಅರ್ಜಿಗೆ ಫೋಟೋ ಹಾಕುತ್ತಿದ್ದೆ. ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗಿತು, ತಿರುಗಿತು, ಕೊನೆಗೆ ನಿಂತೇಬಿಟ್ಟಿತು. ನಿಮಗೂ ಹೀಗಾಗಿರುತ್ತದೆ, ನೀವು ಬೈದಿರುತ್ತೀರಿ. ನನಗೆ ಮಾತ್ರ ಗಿರಿಜಕ್ಕ ನೆನಪಾದರು.

ಮೂರು ವರ್ಷದ ಹಿಂದೆ ಕಾಪುವಿನಲ್ಲಿ ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರಿಗೆ ಅಂಗಳದ ತುಂಬ ಮಲ್ಲಿಗೆ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಸ್ಸಿಗೆ ಕೊಟ್ಟು ಕಳಿಸಿದರೆ ಆ ದಿನದ ಒಲೆ ಉರಿಯುತ್ತಿತ್ತು. ಆ ಮಳೆಗಾಲದಲ್ಲಿ ಗಿಡಗಳು ಒಂದೊಂದಾಗಿ ಹಳದಿಯಾಗತೊಡಗಿದವು. ಮದ್ದು ಹಾಕಿದ್ದೂ ಆಯಿತು, ದೈವಕ್ಕೆ ಹೇಳಿಕೊಂಡದ್ದೂ ಆಯಿತು. ಮಲ್ಲಿಗೆ ಬೆಳೆಯುವವರದ್ದೊಂದು ಆನ್‌ಲೈನ್ ವೇದಿಕೆ ಉಂಟು, ಅಲ್ಲಿ ಕೇಳೋಣ ಎಂದು ದೊಡ್ಡಸ್ತಿಕೆ ತೋರಿಸಿದವನು ನಾನು. ಕಂಪ್ಯೂಟರ್ ಮುಂದೆ ಕೂತು ಸಂಬಳ ತೆಗೆದುಕೊಳ್ಳುವವನಿಗೆ ಅಷ್ಟಾದರೂ ಬೇಡವೇ?

ಅಲ್ಲೊಂದು ನಿಯಮ. ಸುಳ್ಳು ಹೆಸರಿನ ದಲ್ಲಾಳಿಗಳ ಕಾಟ ತಪ್ಪಿಸಲು, ಸ್ವಂತ ಫೋಟೋ ಹಾಕದವರು ಬೆಳೆಯ ಪ್ರಶ್ನೆ ಕೇಳುವಂತಿಲ್ಲ. ಫೋಟೋದಲ್ಲಿ ಒಂದೇ ಮುಖ ಇರಬೇಕು, ಸ್ಪಷ್ಟವಾಗಿಯೂ ಇರಬೇಕು.

ಗಿರಿಜಕ್ಕನ ಆಲ್ಬಮ್ ತೆರೆದರೆ ಎಲ್ಲದರಲ್ಲೂ ಜನ. ಮೂವರು ನಿಂತ ಫೋಟೋ ಒಳ್ಳೆಯದಲ್ಲವೆಂದು ಯಾರನ್ನಾದರೂ ಎಳೆದು ತಂದು ನಾಲ್ವರಾಗಿ ನಿಂತಿದ್ದರು. ಮಗಳ ಮದುವೆಯ ಫೋಟೋದಿಂದ ಇವರನ್ನಷ್ಟೇ ಕತ್ತರಿಸಿದರೆ ಹೆಗಲ ಮೇಲೆ ಯಾರದ್ದೋ ಕೈ ಉಳಿಯಿತು, ಮುಖ ಮಸುಕಾಯಿತು. ವೇದಿಕೆ ಒಪ್ಪಲಿಲ್ಲ.

“ಹೊಸದು ತೆಗೆಯುವ. ನೀವೊಬ್ಬರೇ ನಿಲ್ಲಿ,” ಎಂದೆ.

“ಒಬ್ಬಳದ್ದೇ ಎಂತಕ್ಕೆ ಮಾರಾಯ? ಅದು ಹಾರ ಹಾಕುವಾಗ ಬೇಕಾಗುವುದು. ನಮ್ಮ ಯಜಮಾನರು ಹಾಗೆ ಒಂದು ತೆಗೆಸಿದ್ದರು. ಆರು ತಿಂಗಳಿಗೆ ಗೋಡೆಗೆ ಹೋಯಿತು.”

ನಾನು ಫೋನ್ ಕಿಸೆಗೆ ಹಾಕಿದೆ. ಮೂರು ದಿನ ಹಾಗೇ ಕಳೆಯಿತು, ಇನ್ನೆರಡು ಗಿಡ ಹೋದವು. ನಾಲ್ಕನೆಯ ದಿನ ಅವರೇ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು, ಬಾಡಿದ ಗಿಡವೊಂದರ ಪಕ್ಕ ನಿಂತರು. “ಇದೂ ಇರಲಿ. ಆಗ ನಾವು ಇಬ್ಬರಾದೆವು, ಅಲ್ವಾ? ತೆಗಿ.”

ತೆಗೆದೆ. ಜಪ್ಪಯ್ಯ ಎಂದರೂ ಫೋಟೋ ಏರಲಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದೆ, ಸಿಗ್ನಲ್ ಹುಡುಕಿಕೊಂಡು ಟೆರೇಸಿಗೆ ಹೋದೆ. ಫೋಟೋದ ಗಾತ್ರ ಜಾಸ್ತಿಯಾಗಿದೆ ಎಂಬ ಸಾಲು ಪರದೆಯ ಕೆಳಗೇ ಇತ್ತು. ಜಾಣನಾದ ನಾನು ಅದನ್ನು ಓದಿರಲಿಲ್ಲ. ಓದಿದವರು ಗಿರಿಜಕ್ಕ.

“ಕಾರ್ಕಳದಲ್ಲಿರುವ ಮಗಳಿಗೆ ವಾಟ್ಸಾಪ್ ಮಾಡಿ ವಾಪಸ್ ತರಿಸು. ಅದರಲ್ಲಿ ಹೋಗಿ ಬಂದದ್ದೆಲ್ಲ ಸಪೂರ ಆಗ್ತದೆ.”

ಕಾರ್ಕಳಕ್ಕೆ ಹೋಗಿ ಬಂದ ಫೋಟೋ ಒಂದೇ ಸಲಕ್ಕೆ ಏರಿತು. ಪ್ರಶ್ನೆ ಹಾಕಿದೆವು, ಸಂಜೆಯೊಳಗೆ ಉತ್ತರವೂ ಬಂತು. ಯಾರೋ ಪುಣ್ಯಾತ್ಮರು ಆ ಫೋಟೋವನ್ನೇ ದೊಡ್ಡದು ಮಾಡಿ ನೋಡಿದ್ದರು. “ಅಕ್ಕಾ, ನಿಮ್ಮ ಕಾಲ ಬುಡದಲ್ಲಿ ನೀರು ನಿಂತಿದೆ. ಬೇರು ಕೊಳೆಯುತ್ತಿದೆ. ಸಣ್ಣ ಕಾಲುವೆಯ ಹಾಗೆ ಕಣಿ ತೋಡಿ ನೀರು ಹರಿಯಲು ಬಿಡಿ.” ಮರುದಿನವೇ ಇಬ್ಬರೂ ಹಾರೆ ಹಿಡಿದೆವು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು, ಗಿಡಗಳಲ್ಲಿ ತಿಂಗಳೊಳಗೆ ಚಿಗುರು ಎದ್ದಿತು.

ಆಮೇಲೆ ನಾನು ಪರ್ಕಳಕ್ಕೆ ಮನೆ ಬದಲಿಸಿದೆ. ಫೋನ್ ಮಾಡುವುದೂ ಅಪರೂಪವಾಯಿತು. ನಿನ್ನೆ ಅರ್ಜಿ ಬದಿಗಿಟ್ಟು ಆ ವೇದಿಕೆಯನ್ನು ತೆರೆದೆ. ಫೋಟೋ ಹಾಕಲಾಗದವರು ಸಹಾಯ ಕೇಳುವ ಪುಟದಲ್ಲಿ ಹೆಂಗಸೊಬ್ಬರು ಬರೆದಿದ್ದರು: ಗಿಡ ಸಾಯುತ್ತಿದೆ, ಆದರೆ ಒಬ್ಬಳದ್ದೇ ಫೋಟೋ ತೆಗೆಸಲು ಹೆದರಿಕೆ. ಕೆಳಗೆ ಗಿರಿಜಕ್ಕನ ಉತ್ತರವಿತ್ತು. ಹೆಸರಿನ ಪಕ್ಕ ಹೊಸ ಫೋಟೋ. ಗಿಡವಿಲ್ಲ, ಜನವಿಲ್ಲ, ಅವರೊಬ್ಬರೇ ನಗುತ್ತಿದ್ದರು.

“ಹೆದರಬೇಡಿ. ನಾನು ಒಬ್ಬಳೇ ನಿಂತು ತೆಗೆಸಿ ಎರಡು ವರ್ಷ ಆಯಿತು, ಎಂತದೂ ಆಗಲಿಲ್ಲ. ಫೋಟೋ ಆಮೇಲೆ ಹಾಕಿ. ಗಿಡಕ್ಕೆ ಎಂತಾಗಿದೆ, ಮೊದಲು ಅದು ಹೇಳಿ.”